ಮಲಗಿಸಿಟ್ಟ ಬ್ರೇಕು

ಬಾಗಿಲ ಹೊರಗೆ ಯಾರೋ ಎರಡು ಸಲ ಕೆಮ್ಮಿದರು. ಮೊದಲನೆಯದು ಚಿಕ್ಕದು, ಎರಡನೆಯದು ಸ್ವಲ್ಪ ಉದ್ದ. ಕಂಪನಿಯ ಕಾನೂನು ಮುಖ್ಯಸ್ಥೆಯ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಒಳಗೆ ಬರುವ ಮುನ್ನ ಹಾಗೆ ಕೆಮ್ಮುತ್ತಿದ್ದವನು ಒಬ್ಬನೇ, ಫಿಟ್ಟರ್ ಬ್ರೇಕಪ್ಪ. ಅವನು ಸತ್ತು ಏಳು ತಿಂಗಳಾಗಿತ್ತು. ತಲೆಯೆತ್ತಿದರೆ ಬಾಗಿಲಲ್ಲಿ ಯಾರೂ ಇಲ್ಲ.

"ಇಲ್ಲಿ, ಕೆಳಗೆ ನೋಡಿ ಮೇಡಂ. ಎಲ್ಲರೂ ಹೀಗೇ, ಮೇಲೆಲ್ಲೋ ಹುಡುಕ್ತಾರೆ."

ಗಾಲಿಕುರ್ಚಿಯಲ್ಲಿ ಕೂತಿದ್ದವಳು ಬ್ರೇಕಪ್ಪನ ಹೆಂಡತಿ. ನಲವತ್ತು ವರ್ಷ ಜೊತೆಗಿದ್ದು ಕೆಮ್ಮೂ ಒಂದೇ ಆಗಿಬಿಟ್ಟಿತ್ತೋ ಏನೋ.

ಇಳಿಜಾರಿನಲ್ಲಿ ಕೈಬಿಟ್ಟರೂ ತಾನಾಗಿ ಗಾಲಿ ಹಿಡಿದು ನಿಲ್ಲಿಸುವ ಬ್ರೇಕನ್ನು ಅವನು ಮಾಡಿದ್ದು ಇವಳಿಗೆಂದೇ, ಆದರೆ ಕಂಪನಿಯ ವರ್ಕ್‌ಶಾಪಿನಲ್ಲಿ. ಹಾಗಾಗಿ ಪೇಟೆಂಟು ಕಂಪನಿಯದಾಯಿತು. ಬ್ರೇಕು ಮಾತ್ರ ಮಾರುಕಟ್ಟೆಗೆ ಬರಲಿಲ್ಲ. ಬಂದಿದ್ದರೆ ಕಂಪನಿಯ ದುಬಾರಿ ಮೋಟಾರು ಕುರ್ಚಿಗಳನ್ನು ಕೇಳುವವರೇ ಇರುತ್ತಿರಲಿಲ್ಲ. "ನಾವು ಮಾಡೋದು ಬೇಡ, ಬೇರೆಯವರಿಗೂ ಸಿಗಬಾರದು. ವರ್ಷಾವರ್ಷ ನವೀಕರಿಸ್ತಾ ಮಲಗಿಸಿಡೋಣ" ಎಂದು ಆಡಳಿತ ಮಂಡಳಿಗೆ ಹೇಳಿಕೊಟ್ಟವಳು ಈ ಮುಖ್ಯಸ್ಥೆಯೇ. ಈ ದೊಡ್ಡ ಕೋಣೆ ಸಿಕ್ಕಿದ್ದೂ ಆಮೇಲೆಯೇ. ನಿವೃತ್ತನಾದ ಮೇಲೂ ಬ್ರೇಕಪ್ಪ ನವೀಕರಣದ ದಿನ ತಪ್ಪದೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಎದುರು ಕೂತು ಕೇಳುತ್ತಿದ್ದ: "ನಮ್ಮ ಕೂಸು ಇನ್ನೂ ಮಲಗೇ ಇದೆಯಾ ಮೇಡಂ?" ಈ ವರ್ಷ ಆ ದಿನ ಬಂದು ಹೋಯಿತು. ಅವಳು ಫೈಲು ಮುಟ್ಟಲಿಲ್ಲ. ಅವನು ಕೂರುತ್ತಿದ್ದ ಕುರ್ಚಿಯನ್ನು ಹೊರಗೆ ಹಾಕಿಸಿದಳು. ಆದರೂ ಮೀಟಿಂಗಿನ ನಡುವೆ ಕಣ್ಣು ಆ ಖಾಲಿ ಜಾಗಕ್ಕೇ ಹೋಗುತ್ತಿತ್ತು.

"ಇದು ಸವೆದಿದೆ," ಎಂದಳು ಮುದುಕಿ, ಗಾಲಿಯ ಪಕ್ಕದ ಹಲ್ಲುಚಕ್ರ ತೋರಿಸಿ. "ಲೇತ್ ಅಂಗಡಿಯವನ್ನ ಕೇಳ್ದೆ. ಕೈ ಮುಗಿದ. 'ಹೋದ ಸಲ ಮಾಡಿಕೊಟ್ಟಿದ್ದಕ್ಕೇ ಕಂಪನಿಯಿಂದ ನೋಟಿಸು ಬಂತು ಅಕ್ಕಾ, ನನ್ನ ಬಿಟ್ಬಿಡಿ' ಅಂದ."

ನೋಟಿಸಿನ ಕೆಳಗಿದ್ದ ಸಹಿ ಯಾರದೆಂದು ಇಬ್ಬರಿಗೂ ಗೊತ್ತಿತ್ತು.

"ನಾನೇ ಹೇಳಿ ಒಂದು ಮಾಡಿಸಿಕೊಡ್ತೀನಮ್ಮ."

"ನಂಗೊಂದು ಕೊಟ್ಟು ಬಾಯಿ ಮುಚ್ಚಿಸ್ತೀರಾ?" ಮುದುಕಿ ನಕ್ಕಳು. "ನಮ್ಮ ಬೀದೀಲೇ ಇನ್ನೂ ಮೂರು ಕುರ್ಚಿ ಇವೆ. ಅವಕ್ಕೆ?"

ಅಷ್ಟರಲ್ಲಿ ಕಿರಿಯ ವಕೀಲೆ ಇಣುಕಿದಳು. "ಮೇಡಂ, ಆ ಬ್ರೇಕಿನ ಪೇಟೆಂಟು ನವೀಕರಣಕ್ಕೆ ಕೊಟ್ಟಿದ್ದ ಹೆಚ್ಚುವರಿ ಗಡುವೂ ಇವತ್ತು ಐದು ಗಂಟೆಗೆ ಮುಗಿಯುತ್ತೆ. ಫೋನಲ್ಲೇ ಒಪ್ಪಿಗೆ ಒತ್ತಿಬಿಡಿ, ಸಾಕು. ತಪ್ಪಿದ್ರೆ ಯಾರು ಬೇಕಾದ್ರೂ ಮಾಡ್ಕೊಂಡು ಮಾರಬಹುದು."

ಐದಕ್ಕೆ ಹತ್ತು ನಿಮಿಷವಿತ್ತು. ಮುದುಕಿ ಏನೂ ಕೇಳಿಸದವಳಂತೆ ಕಿಟಕಿ ನೋಡಿದಳು.

"ಹೊರಡ್ತೀನಿ. ವಾಚ್‌ಮನ್‌ನ ಕರೀರಿ, ಇಳಿಯೋವಾಗ ಯಾರಾದ್ರೂ ಹಿಡ್ಕೋಬೇಕು."

"ನಾನೇ ಬರ್ತೀನಿ."

ಕಟ್ಟಡದ ಇಳಿಜಾರು ದಾರಿ ಉದ್ದವಾಗಿತ್ತು. ನಾಲ್ಕು ಹೆಜ್ಜೆಗೇ ಕುರ್ಚಿಯ ಭಾರ ತೋಳನ್ನು ಎಳೆಯಿತು. ಕೋಟಿನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು.

"ಎತ್ಕೊಳ್ಳಿ ಮೇಡಂ. ನನ್ನ ಗೋಡೆಗೆ ಒರಗಿಸಿದ್ರಾಯ್ತು."

"ಬೇಡಮ್ಮ."

"ಐದಾಗ್ತಾ ಬಂತು ಮೇಡಂ."

ಹಿಂದಿನಿಂದ ಇಸ್ತ್ರಿ ಅಂಗಿಯವನೊಬ್ಬ ನಿಧಾನ ನಡೆದು ಬರುತ್ತಿದ್ದಂತಿತ್ತು. ಅವಳು ತಿರುಗಿ ನೋಡಲಿಲ್ಲ. ಎರಡೂ ಕೈಯಿಂದ ಹಿಡಿಯನ್ನು ಬಿಗಿಯಾಗಿ ಹಿಡಿದು, ಹಿಮ್ಮಡಿ ಊರಿ, ಗಾಲಿಯನ್ನು ಒಂದೊಂದೇ ಸುತ್ತು ಬಿಟ್ಟಳು. ಫೋನು ನಿಂತಿತು, ಮತ್ತೆ ಶುರುವಾಯಿತು. ಇಳಿಜಾರು ಇನ್ನೂ ಅರ್ಧ ಉಳಿದಿತ್ತು.