ಕರಿ ಬಾಯಿಯ ಗಡಿಗೆ

ಗಂಡ ತೀರಿಕೊಂಡ ಮೇಲೆ ಅವನು ಗಡಿಗೆ ಮಾಡುತ್ತಿದ್ದ ಚಕ್ರ, ಆ ತಿಗರಿ, ಮೈದುನ ಶಿವಾನಂದನ ಪಾಲಾಯಿತು, ಗದಿಗೆಮ್ಮನ ಪಾಲಿಗೆ ಇಟ್ಟಿಗೆ ಹೊರುವ ಕೂಲಿ ಬಂತು. ಕುಂಬಾರರ ಮನೆಯಲ್ಲಿ ಮಣ್ಣು ತುಳಿಯಲು, ನೀರು ಹೊರಲು ಹೆಂಗಸು ಬೇಕು. ತಿಗರಿ ಮಾತ್ರ ಅವಳು ಮುಟ್ಟುವಂತಿಲ್ಲ. ಯಾದಗಿರಿ ಬಿಟ್ಟು ಮೈದುನನೊಂದಿಗೆ ಶಹರದಂಚಿನ ಲಿಂಗಂಪಲ್ಲಿಗೆ ಬಂದರೂ ಆ ಕಟ್ಟಳೆ ಬಿಡದೆ ರೈಲು ಹತ್ತಿ ಬಂದಿತ್ತು, ಅದೂ ಟಿಕೆಟ್ಟಿಲ್ಲದೆ!

ಆ ವರ್ಷ ಸುತ್ತಲೂ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಂಥ ಒಂದು ಸಾಫ್ಟ್‌ವೇರ್ ಕಂಪನಿಯ ಒಳಾಂಗಣ ಸಿಂಗರಿಸುತ್ತಿದ್ದ ಧಾರವಾಡದ ನಲಿನಿ ಫೋಟೊ ಹಿಡಿದು ಶಿವಾನಂದನ ಬಳಿ ಬಂದಳು. ಐದು ಸಾವಿರ ವರ್ಷಕ್ಕೂ ಹಳೆಯ ಈಜಿಪ್ಟಿನ ಗಡಿಗೆ: ಮೈ ಕೆಂಪು, ಬಾಯಿ ಕಪ್ಪು. ಇಂಥವು ಹನ್ನೆರಡು ಬೇಕಂತೆ. ಶಿವಾನಂದ ತಿಗರಿಯಲ್ಲಿ ಒಂದನ್ನು ತಿದ್ದಿ, ಸುಟ್ಟು, ಬಾಯಿಗೆ ಕಪ್ಪು ಪೇಂಟ್ ಬಳಿದ. ವಾರದ ಮೇಲೆ ಬಂದ ನಲಿನಿ ಉಗುರಿನಿಂದ ಕೆರೆದಳು. ಉದುರಿತು.

“ಬಣ್ಣ ಅಲ್ರೀ, ಕಪ್ಪು ಮಣ್ಣಿನೊಳಗೇ ಇರಬೇಕು.”

“ಆಗಂಗಿಲ್ರಿ ಮೇಡಂ. ಆ ವಿದ್ಯಾ ಆಗಿನವ್ರ ಕೂಡ ಹೋತು.”

ಚಹಾ ತಂದ ಗದಿಗೆಮ್ಮ ಫೋಟೊ ನೋಡಿದಳು. ಆ ಕಪ್ಪು ಅವಳಿಗೆ ಚೆನ್ನಾಗಿ ಗೊತ್ತು. ಮಡಕೆ ಸುಡುವ ಆವಿಗೆಯಲ್ಲಿ ಗಡಿಗೆ ಬೋರಲು ಬಿದ್ದು ಬಾಯಿ ಬೂದಿಯಲ್ಲಿ ಹೂತರೆ ಹೀಗೇ ಹೊಗೆ ಕುಡಿಯುತ್ತಿತ್ತು. ಕೆಟ್ಟಿತೆಂದು ಗಂಡಸರು ಎಸೆಯುತ್ತಿದ್ದರು. ಇವಳು ಎತ್ತಿಟ್ಟುಕೊಂಡು ಬೇಳೆ ತುಂಬುತ್ತಿದ್ದಳು. ಇನ್ನೊಂದೂ ಕಂಡಿತು: ಈ ಗಡಿಗೆಯ ಮೈಮೇಲೆ ತಿಗರಿಯ ಗೆರೆಯೇ ಇಲ್ಲ.

“ನಾ ಮಾಡ್ತೀನ್ರಿ. ಇದು ತಿಗರಿ ಮ್ಯಾಲ ಮಾಡಿದ್ದಲ್ಲ.”

“ಹೌದಲ್ಲ!” ನಲಿನಿ ಅಂದಳು. “ಆಗ ಅಲ್ಲಿ ತಿಗರಿ ಇನ್ನೂ ಬಂದೇ ಇರಲಿಲ್ಲ.”

ಶಿವಾನಂದ ನಕ್ಕ. “ತಿಗರಿ ಇಲ್ಲದ ಮಾಡಾಕ ಇದೇನು ರೊಟ್ಟಿ ಏನ ವೈನಿ? ನನ್ನ ಆವಿಗಿಗೆ ಮಾತ್ರ ಕೈ ಹಚ್ಚಬ್ಯಾಡ.”

ಹಚ್ಚಲಿಲ್ಲ. ಆದರೆ ಮೈಯೆಲ್ಲ ಉರಿದುಹೋಯಿತು. ಇದು ಕೈಗೂಡದಿದ್ದರೆ ಸಾಯುವತನಕ ಇಟ್ಟಿಗೆಯೇ ಗತಿ. ಕೈಗೂಡಿದರೆ ತಾನೂ ಕುಂಬಾರಗಿತ್ತಿ. ಮಣ್ಣನ್ನು ಹಗ್ಗದಂತೆ ಹೊಸೆದು ಸುತ್ತಿನ ಮೇಲೆ ಸುತ್ತು ಏರಿಸಿದಳು. ಕೆಮ್ಮಣ್ಣು ಬಳಿದು, ನುಣುಪು ಕಲ್ಲಿನಿಂದ ಮಿರಿಮಿರಿ ಮಿಂಚುವವರೆಗೆ ತಿಕ್ಕಿದಳು. ಕೆಲಸದ ಜಾಗದಲ್ಲಿ ಬಡಗಿಗಳು ಚೆಲ್ಲಿದ್ದ ಮರದ ಹೊಟ್ಟು ತಂದು, ಗುಡಿಸಲ ಹಿಂದೆ ಗುಂಡಿ ತೋಡಿ, ಗಡಿಗೆಗಳ ಬಾಯಿಯನ್ನು ಅದರಲ್ಲಿ ಹೂತು, ಮೇಲೆ ಸೆಗಣಿ ಕುಳ್ಳು ಒಟ್ಟಿ ಬೆಂಕಿ ಇಟ್ಟಳು. ಮೊದಲ ಮೂರೂ ಸೀಳಿದವು.

“ನಾ ಹೇಳಿದ್ದಿಲ್ಲ?” ಅಂದ ಶಿವಾನಂದ.

ಅವಳು ಆ ಚೂರುಗಳನ್ನೇ ಕುಟ್ಟಿ ಪುಡಿಮಾಡಿ ಹೊಸ ಮಣ್ಣಿಗೆ ಕಲಸಿದಳು. ಸುಟ್ಟ ಪುಡಿ ಬೆರೆತು ಗಟ್ಟಿಯಾದ ಹನ್ನೆರಡೂ ಈ ಸಲ ಸೀಳಲಿಲ್ಲ.

ನಲಿನಿ ಬಂದು ಉಗುರಿನಿಂದ ಕೆರೆದಳು, ಆಮೇಲೆ ಕೀಲಿಕೈಯಿಂದಲೂ ಕೆರೆದಳು. ಕಪ್ಪು ಜಪ್ಪಯ್ಯ ಅನ್ನಲಿಲ್ಲ. ಹನ್ನೆರಡನ್ನೂ ಒಂದೊಂದಾಗಿ ಕಾರಿಗೆ ಏರಿಸಿ, ಇನ್ನೂ ನಲವತ್ತು ಬೇಕು ಎಂದು ಹೇಳಿಹೋದಳು.

ಶಿವಾನಂದ ಗುಂಡಿಯ ಬೂದಿಯನ್ನು ಕೋಲಿನಿಂದ ಕೆದಕಿ ನೋಡಿದ. ಆಮೇಲೆ ವರ ಕೊಡುವವನ ಗತ್ತಿನಲ್ಲಿ, “ಆತು ಬಿಡು ವೈನಿ. ನಾಳಿಂದ ನೀನೂ ತಿಗರಿಗೆ ಕೂಡು. ನಾ ಏನೂ ಅನ್ನಂಗಿಲ್ಲ,” ಅಂದ.

ಗದಿಗೆಮ್ಮ ಕೈಯ ಮಸಿ ತೊಳೆಯುತ್ತಲೇ ಅಂದಳು: “ನಿನ್ನ ತಿಗರಿ ನೀನ ಇಟ್ಕೋ. ನಂದು ತಿಗರಿ ಹುಟ್ಟೂಕಿಂತ ಮೊದಲಿನ ವಿದ್ಯಾ.”