ಅಳಿಯ ಕಟ್ಟಿದ ಪೊರಕೆ

ರಾತ್ರಿಯೆಲ್ಲ ನೆನೆದ ಹುಲ್ಲನ್ನು ಎಡಚಿ ಬಕೆಟ್ಟಿನಿಂದ ಕಂತೆ ಕಂತೆಯಾಗಿ ಎತ್ತಿ, ಕೊಡವಿ, ಹಳೆಯ ಟವೆಲ್ಲಿನ ಮೇಲೆ ಸಾಲಾಗಿ ಮಲಗಿಸುತ್ತಿದ್ದಳು. ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತ ಮಾವ ಒಂದೊಂದೇ ಕಂತೆಯನ್ನು ಕಬ್ಬಿಣದ ಬಾಚಣಿಗೆಯಲ್ಲಿ ಬಾಚಿ ಬೀಜ ಉದುರಿಸುತ್ತಿದ್ದ. ಬಚ್ಚಲಿನಲ್ಲಿ ಆ ಕರಕರ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಇಬ್ಬರೂ ಎದ್ದು ಅರ್ಧ ಗಂಟೆಯಾಗಿತ್ತು.

ಎಡಚಿ ತಲೆ ತಗ್ಗಿಸಿಕೊಂಡೇ ಅವನ ಬಲಗೈ ನೋಡುತ್ತಿದ್ದಳು. ತೋರುಬೆರಳು ಕಡ್ಡಿಯ ಹಾಗೆ ನೆಟ್ಟಗಿತ್ತು. ಗಡಿ ದಾಟುವಾಗ ಲಾರಿಯ ಬಾಗಿಲಿಗೆ ಸಿಕ್ಕಿ ಮುರಿಯಿತು, ಆಮೇಲೆ ಮಡಚಲು ಬರಲೇ ಇಲ್ಲ ಎಂದು ಅವನು ಹೇಳಿದ್ದ. ಅದಕ್ಕೇ ಪೊರಕೆ ಕಟ್ಟುವುದಿಲ್ಲ, ಹುಲ್ಲು ತರುತ್ತೇನೆ, ಬಾಚುತ್ತೇನೆ, ಹೊರುತ್ತೇನೆ ಎಂದಿದ್ದ. ಮನೆಯವರು ನಂಬಿದ್ದರು. ಎಡಚಿ ಮುಕ್ಕಾಲು ಪಾಲು ನಂಬಿದ್ದಳು.

ಅವಳಿಗೆ ಬೇರೆ ಹೆಸರಿತ್ತು. ಎಲ್ಲವನ್ನೂ ಎಡಗೈಯಲ್ಲೇ ಮಾಡುತ್ತಾಳೆಂದು ಅಜ್ಜಿ ಎಡಚಿ ಅಂದಳು, ಅದೇ ಅಂಟಿಕೊಂಡಿತು. ಏಳನೆಯ ತರಗತಿಗೆ ಶಾಲೆ ಬಿಟ್ಟವಳಿಗೆ ಈಗ ಹತ್ತೊಂಬತ್ತು. ಮಾತು ಕಡಿಮೆ. ಮಾತಾಡದವರಿಗೆ ನೋಡುವುದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಅವಳು ನೋಡುತ್ತಿದ್ದಳು.

ಆ ಎರಡು ಕೋಣೆಗಳ ಮನೆಯಲ್ಲಿ ನಾಲ್ಕು ಜನ. ಕಣ್ಣಿಗೆ ಪೊರೆ ಬಂದು ಮೂರು ವರ್ಷದಿಂದ ಕೈಕೆಲಸ ಬಿಟ್ಟ ಅಜ್ಜಿ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅಮ್ಮ, ಎಡಚಿ, ಮಾವ. ಅಪ್ಪ ಈ ಊರಿಗೆ ಬರುವ ದಾರಿಯಲ್ಲೇ ತೀರಿಕೊಂಡಿದ್ದ. ಅಪ್ಪನ ತಂಗಿ, ಎಡಚಿಯ ಅತ್ತೆ, ಎಲ್ಲರೂ ಊರು ಬಿಟ್ಟು ಓಡಿದ ಗಲಾಟೆಯ ದಿನ ಬೇರೆ ದಿಕ್ಕಿಗೆ ಓಡಿ ಬೇರೆ ನಿರಾಶ್ರಿತರ ಶಿಬಿರ ಸೇರಿದ್ದಳು. ಅಲ್ಲಿ ಮದುವೆಯಾದಳು ಎಂಬ ಸುದ್ದಿ ಒಮ್ಮೆ ಬಂತು, ಜ್ವರದಲ್ಲಿ ಹೋದಳು ಎಂಬ ಸುದ್ದಿ ಇನ್ನೊಮ್ಮೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಒಬ್ಬ ಬಾಗಿಲು ತಟ್ಟಿ, “ನಾನು ನಿಮ್ಮ ಅಳಿಯ” ಎಂದು ನಿಂತ. ಕೈಯಲ್ಲಿ ಅತ್ತೆಯ ತಲೆವಸ್ತ್ರವಿತ್ತು. ಅಜ್ಜಿ ಅದನ್ನು ಮೂಸಿ ನೋಡಿ ಅತ್ತಳು. ಅಮ್ಮ ತಟ್ಟೆ ಹಾಕಿದಳು. ಅಲ್ಲಿಗೆ ಅವನು ಮನೆಯವನಾದ.

ಕೆಟ್ಟವನೆಂದು ಹೇಳಲು ಏನೂ ಇರಲಿಲ್ಲ. ಮೂರು ಮಹಡಿ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದ, ಹತ್ತಿಸುತ್ತಿದ್ದ. ನಲ್ಲಿ ಸೋರಿದರೆ ಸರಿ ಮಾಡುತ್ತಿದ್ದ. ಆದರೆ ಅತ್ತೆಯ ಮಾತು ಬಂದಾಗ ಅಳೆದು ತೂಗಿ ಆಡುತ್ತಿದ್ದ. ಸೊಂಟದವರೆಗೆ ಕೂದಲಿತ್ತು ಎಂದ ಒಮ್ಮೆ. ಚಿಕ್ಕಂದಿನ ಜ್ವರದಲ್ಲಿ ಅವಳ ಕೂದಲು ಉದುರಿ ಮತ್ತೆ ಸರಿಯಾಗಿ ಬೆಳೆಯಲೇ ಇಲ್ಲ ಎಂದು ಅಜ್ಜಿ ಎಡಚಿಗೆ ಹೇಳಿದ್ದಳು. ಅಂದು ಅಜ್ಜಿ ಸುಮ್ಮನೆ ಊಟ ಮುಂದುವರಿಸಿದಳು. ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

ಇನ್ನೊಂದನ್ನು ಎಡಚಿ ಯಾರಿಗೂ ಹೇಳಿರಲಿಲ್ಲ. ಅವಳು ಪೊರಕೆ ಕಟ್ಟಲು ಕುಳಿತಾಗಲೆಲ್ಲ ಅವನು ಹಿಂದೆಲ್ಲೋ ಇರುತ್ತಿದ್ದ. ಬೆನ್ನಿಗೆ ಅವನ ನೋಟ ತಾಗುತ್ತಿತ್ತು. ತಿರುಗಿದರೆ ಕಿಟಕಿಯ ಕಡೆ ಮುಖ. ಅವಳು ದುಪ್ಪಟ್ಟ ಎಳೆದುಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂರುವುದನ್ನು ಕಲಿತಿದ್ದಳು.

ಬರುವ ಸೋಮವಾರ ಅಜ್ಜಿ ನಿರಾಶ್ರಿತರ ಕಚೇರಿಗೆ ಹೋಗಿ, ಇವನು ನನ್ನ ಅಳಿಯ ಎಂದು ಹೆಬ್ಬೆಟ್ಟು ಒತ್ತಬೇಕಿತ್ತು. ಒತ್ತಿದರೆ ಅವನಿಗೆ ಇಲ್ಲಿ ಉಳಿಯುವ ಕಾಗದ ಸಿಗುತ್ತದೆ. ಒತ್ತಿದ್ದು ಸುಳ್ಳೆಂದು ಗೊತ್ತಾದರೆ ಮನೆಯವರೆಲ್ಲರ ಕಾಗದವನ್ನೂ ಮತ್ತೆ ತೆಗೆದು ನೋಡುತ್ತಾರೆ. ಕಚೇರಿಯಿಂದ ಬಂದ ಪತ್ರದಲ್ಲಿದ್ದ ಆ ಸಾಲನ್ನು ಓದಿ ಹೇಳಿದವಳು ಎಡಚಿಯೇ. ಓದಿ ಮುಗಿಸಿ ಅವನ ಮುಖ ನೋಡಿದ್ದಳು. ಅವನು ಕಿಟಕಿಯ ಗಾಜು ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ.

ಸೋಮವಾರಕ್ಕೆ ಎರಡು ದಿನ ಮೊದಲು, ಇವತ್ತು, ನಿರಾಶ್ರಿತರ ಹಬ್ಬ.

ಹಬ್ಬ ಅಂದರೆ ಶಾಲೆಯೊಂದರ ದೊಡ್ಡ ಹಾಲಿನಲ್ಲಿ ಇಪ್ಪತ್ತು ಟೇಬಲ್ಲು, ಒಂದು ವೇದಿಕೆ. ಬೇರೆ ಬೇರೆ ಕಡೆಯಿಂದ ಓಡಿಬಂದವರು ತಂತಮ್ಮ ಅಡುಗೆ, ಹಾಡು, ಕೈಕೆಲಸ ತೋರಿಸಬೇಕು. ಊರಿನವರು ಬಂದು ನೋಡುತ್ತಾರೆ, ತಿನ್ನುತ್ತಾರೆ, ಫೋಟೋ ತೆಗೆಯುತ್ತಾರೆ. ಕತ್ತಿಗೆ ಗುರುತಿನ ಚೀಟಿ ನೇತು ಹಾಕಿಕೊಂಡು ಓಡಾಡುತ್ತಿದ್ದ ಹೆಂಗಸಿನ ಕೈಯಿಂದ ಮೈಕು ಇಳಿಯುತ್ತಲೇ ಇರಲಿಲ್ಲ. ಮೊದಲ ಗಂಟೆಯಲ್ಲೇ ಎಲ್ಲರೂ ಅವಳಿಗೆ ಮೈಕಮ್ಮ ಎಂದು ಹೆಸರಿಟ್ಟಿದ್ದರು.

ಪಕ್ಕದ ಟೇಬಲ್ಲಿನಲ್ಲಿ ಹಿಟ್ಟಿನ ಉಂಡೆ ಕರಿಯುತ್ತಿದ್ದ ದಪ್ಪನೆಯ ಹೆಂಗಸು ಇವರ ಬಿಲ್ಡಿಂಗಿನವಳೇ, ಅವಳಿಗೂ ಇವರಿಗೂ ಒಂದೇ ಭಾಷೆ. ಎಡಚಿ ಅವಳನ್ನು ದೊಡ್ಡಮ್ಮ ಅನ್ನುತ್ತಿದ್ದಳು.

“ಏನೇ ಎಡಚಿ, ಇಷ್ಟೊಂದು ಪೊರಕೆ,” ಎಂದಳು ದೊಡ್ಡಮ್ಮ, ಉಂಡೆ ತಿರುವುತ್ತ. “ನಮ್ಮನೆಗೂ ಒಂದು ಎತ್ತಿಡು. ಹಳೇದು ನಮ್ಮೆಜಮಾನ್ರ ಬೆನ್ನ ಮೇಲೇ ಸವೆದು ಹೋಯ್ತು.”

ಅಮ್ಮ ನಕ್ಕಳು. ಮಾವನೂ ನಕ್ಕ. “ಗಟ್ಟಿಯಾಗಿರೋದೇ ಕೊಡ್ತೀವಿ ಅಕ್ಕ,” ಎಂದ. “ಅವರ ಬೆನ್ನು ಮುರಿದ್ರೂ ಪೊರಕೆ ಮುರಿಯಲ್ಲ.”

ಎಡಚಿ ನಗಲಿಲ್ಲ. ಅಜ್ಜಿಯ ಮಡಿಲಿನಲ್ಲಿ ಒಂದು ಪೊರಕೆ ಇಟ್ಟು, ಬೆನ್ನಿಗೆ ದಿಂಬು ಕೊಟ್ಟಳು. ಅಜ್ಜಿಯ ಬೆರಳು ತನ್ನಷ್ಟಕ್ಕೆ ಹಿಡಿಯ ಮೇಲಿನ ಸುತ್ತುಗಳನ್ನು ಸವರಿತು.

“ಎಡಚಿ ಕಟ್ಟು,” ಎಂದು ಗೊಣಗಿದಳು. “ಇಳಿಜಾರು ಉಲ್ಟಾ. ಎಷ್ಟು ಸಲ ಹೇಳಿದ್ರೂ ಅಷ್ಟೇ.”

ಅಜ್ಜಿಯ ಕಡೆಯ ಊರುಗಳಲ್ಲಿ ಪೊರಕೆ ಕಟ್ಟುವ ಮನೆಗಳಿಗೆಲ್ಲ ಒಂದೊಂದು ಕಟ್ಟು. ಇವರದು ನಾಲ್ಕು ಸುತ್ತು. ಹುರಿಯ ಬಾಲ ಎರಡನೆಯ ಸುತ್ತಿನ ಕೆಳಗೆ ನುಸುಳಿ ಮೂರನೆಯದರ ಮೇಲೆ ಹಾದು ಒಳಗೆ ಹೋಗಬೇಕು. ಅದನ್ನು ಹೊರಗಿನವರಿಗೆ ಕಲಿಸುವುದಿಲ್ಲ, ಒಬ್ಬರಿಗೆ ಬಿಟ್ಟು. ಮದುವೆಯ ದಿನ ಹುಡುಗಿ ಎಲ್ಲರೆದುರಿಗೆ ಗಂಡನ ಕೈ ಹಿಡಿದು ಅದನ್ನು ಕಲಿಸಬೇಕು. ಅವನು ಕಟ್ಟಿದ ಮೊದಲ ಪೊರಕೆ ಹೊಸ ಮನೆಯ ಬಾಗಿಲ ಹಿಂದೆ ಇರುತ್ತದೆ. ಕಟ್ಟು ಬರದ ಅಳಿಯ ಇರಲು ಸಾಧ್ಯವೇ ಇಲ್ಲ. ಎಡಚಿಯ ಕೈಯಲ್ಲಿ ಮಾತ್ರ ಆ ಕಟ್ಟು ಕನ್ನಡಿಯಲ್ಲಿ ಕಂಡ ಹಾಗೆ. ಉಳಿದವರ ಸುತ್ತು ಎಡದಿಂದ ಬಲಕ್ಕೆ ಇಳಿದರೆ ಅವಳದು ಬಲದಿಂದ ಎಡಕ್ಕೆ. ಕೊಳ್ಳುವವರು ಅದನ್ನೆಲ್ಲ ನೋಡುವುದಿಲ್ಲ. ಗುಡಿಸಿದರೆ ಸಾಕು.

ಡೋಲು ಬಡಿಯುವವರು ಇಳಿದರು, ಹಾಡುವ ಮಕ್ಕಳು ಹತ್ತಿದರು, ಇಳಿದರು. ಆಮೇಲೆ ಮೈಕಮ್ಮ ಇವರ ಟೇಬಲ್ಲಿನ ಮುಂದೆ ಬಂದು ನಿಂತಳು.

“ಈಗ ನಮ್ಮ ಪೊರಕೆ ಮನೆಯವರು. ಬನ್ನಿ, ಮೇಲೆ ಬಂದು ಒಂದು ಕಟ್ಟಿ ತೋರಿಸಿ. ಯಾರು ಬರ್ತೀರಿ? ನೀನೇ ಬಾಮ್ಮ.”

ಮೇಲೆ ಹೋಗಬೇಕಾದವಳು ಎಡಚಿಯೇ. ವಾರದ ಹಿಂದೆಯೇ ಹೆಸರು ಬರೆಸಿಯಾಗಿತ್ತು. ಅವಳು ದುಪ್ಪಟ್ಟದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ನಾಚಿಕೆ ಹೌದು. ಆದರೆ ನಾಚಿಕೆಯ ಹಿಂದೆ ಇನ್ನೊಂದು ತಣ್ಣನೆಯ ಯೋಚನೆ ಮೂರು ದಿನದಿಂದ ಕಾದು ಕುಳಿತಿತ್ತು. ಅದು ಈಗ ಎದ್ದು ನಿಂತಿತು.

“ಮಾವ ಕಟ್ಟಲಿ,” ಎಂದಳು. “ಅವರು ನಮ್ಮನೆ ಅಳಿಯ. ಅವರಿಗೆ ಬರುತ್ತೆ.”

ಇಷ್ಟು ಉದ್ದದ ಮಾತನ್ನು ಅವಳು ಹೊರಗಿನವರೆದುರು ಆಡಿದ್ದು ಅದೇ ಮೊದಲು. ಅಮ್ಮ ತಿರುಗಿ ನೋಡಿದಳು.

“ಅವರ ಬೆರಳು…” ಎಂದು ಶುರು ಮಾಡಿದಳು ಅಮ್ಮ.

“ಒಂದೇ ಒಂದು,” ಎಂದಳು ಮೈಕಮ್ಮ. ಆಗಲೇ ಮಾವನ ಮೊಣಕೈ ಹಿಡಿದಿದ್ದಳು. “ಚೆನ್ನಾಗಿ ಬರದಿದ್ರೂ ಪರವಾಗಿಲ್ಲ. ಅಳಿಯಂದಿರು ಪೊರಕೆ ಹಿಡಿಯೋದು ನೋಡೋಕೆ ನಮಗೂ ಖುಷಿ.”

ಸುತ್ತಲಿದ್ದವರು ನಕ್ಕರು. ಮಾವ ಎಡಚಿಯನ್ನು ನೋಡಿದ. ಕೋಪದ ನೋಟವಲ್ಲ. ಬಸ್ಸು ತಪ್ಪಿಸಿಕೊಂಡವನು ರಸ್ತೆಯನ್ನು ನೋಡುವ ಹಾಗೆ. ಆಮೇಲೆ ಒಂದು ಕಂತೆ ಹುಲ್ಲು, ಹುರಿಯ ಉಂಡೆ ಎತ್ತಿಕೊಂಡು ವೇದಿಕೆ ಹತ್ತಿದ.

ಕುರ್ಚಿ ಬೇಡವೆಂದು ನೆಲದ ಮೇಲೆ ಕುಳಿತ. ಹುರಿಯ ಒಂದು ತುದಿಯನ್ನು ಕಾಲ್ಬೆರಳಿಗೆ ಕಟ್ಟಿ ಜಗ್ಗಿದ. ಎಡಚಿ ಅವನ ಕೈ ನೋಡಿದಳು. ಮೊದಲ ಸುತ್ತು ಬಿತ್ತು. ಎರಡನೆಯ ಸುತ್ತಿಗೆ ಬಲಗೈಯ ತೋರುಬೆರಳು ಮಡಚಿತು. ಮೂರನೆಯದಕ್ಕೆ ಇನ್ನೂ ಚೆನ್ನಾಗಿ ಮಡಚಿತು. ನಾಲ್ಕು ಸುತ್ತು ಮುಗಿಸಿ, ಬಾಲವನ್ನು ಎರಡನೆಯದರ ಕೆಳಗೆ ನುಸುಳಿಸಿ, ಮೂರನೆಯದರ ಮೇಲೆ ಹಾಯಿಸಿ, ಹಲ್ಲಿನಲ್ಲಿ ಕಚ್ಚಿ ಎಳೆದ. ಎಲ್ಲಿಯೂ ತಡವರಿಸಲಿಲ್ಲ.

ಚಪ್ಪಾಳೆ ಬಿತ್ತು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ನೋಡಿದ್ಯಾ,” ಎಂದಳು ಎಡಚಿಗೆ, ಪಿಸುದನಿಯಲ್ಲಿ. “ನಿಮ್ಮತ್ತೆ ಕಲಿಸಿದಾಳೆ. ಪಾಪ, ನೋವು ತಡ್ಕೊಂಡು ಕಟ್ಟಿದ್ರು ಅಣ್ಣ.”

ಎಡಚಿಗೆ ಮುಖ ಬಿಸಿಯಾಯಿತು. ಎರಡು ವರ್ಷ ಒಬ್ಬ ಒಳ್ಳೆಯ ಮನುಷ್ಯನನ್ನು ಕಳ್ಳನನ್ನು ನೋಡುವ ಹಾಗೆ ನೋಡಿದೆನಲ್ಲ ಎಂದುಕೊಂಡಳು. ಬೆರಳಿನ ವಿಷಯ ಏನೋ ಇರಬಹುದು, ಕೆಲಸಗಳ್ಳತನ ಯಾರಿಗಿಲ್ಲ. ಕಟ್ಟು ಬಂತಲ್ಲ. ಕಟ್ಟು ಬಂದರೆ ಅಳಿಯನೇ.

ಅವನು ಪೊರಕೆಯನ್ನು ಮೇಲೆತ್ತಿ ಜನರಿಗೆ ತೋರಿಸಿದ. ವೇದಿಕೆಯ ದೀಪ ಹಿಡಿಯ ಮೇಲೆ ಬಿತ್ತು. ಬಿಳಿ ಹುರಿಯ ನಾಲ್ಕು ಸುತ್ತು ದೂರದಿಂದಲೂ ಎದ್ದು ಕಾಣುತ್ತಿತ್ತು.

ಬಲದಿಂದ ಎಡಕ್ಕೆ ಇಳಿದಿತ್ತು.

ಎಡಚಿ ಟೇಬಲ್ಲಿನ ಮೇಲಿದ್ದ ತನ್ನ ಪೊರಕೆಗಳನ್ನು ನೋಡಿದಳು, ಮತ್ತೆ ವೇದಿಕೆಯನ್ನು ನೋಡಿದಳು. ಅವನು ಬಲಗೈಯಲ್ಲಿ ಉಣ್ಣುವವನು, ಬಲಗೈಯಲ್ಲಿ ಬರೆಯುವವನು. ಆದರೂ ಹುರಿ ಎಳೆದದ್ದು ಎಡಗೈಯಲ್ಲಿ. ಅತ್ತೆ ಎಡಚಿಯಲ್ಲ. ಅವರ ಇಡೀ ಮನೆತನದಲ್ಲಿ ಹೀಗೆ ಕಟ್ಟುವವಳು ಒಬ್ಬಳೇ. ಎರಡು ವರ್ಷ ಬೆನ್ನಿಗೆ ತಾಗುತ್ತಿದ್ದ ನೋಟ ಎಲ್ಲಿ ನೆಟ್ಟಿತ್ತೆಂದು ಈಗ ಅವಳಿಗೆ ತಿಳಿಯಿತು. ಅವಳ ಮೈ ಮೇಲಲ್ಲ, ಕೈ ಮೇಲೆ. ಒಂದು ಭಯ ಹೋದ ಜಾಗಕ್ಕೆ ಇನ್ನೊಂದು ಬಂದು ಕುಳಿತಿತು.

ಅಮ್ಮನಿಗೆ ಗೊತ್ತಾಗಿರಲಿಲ್ಲ. ಅಮ್ಮ ಬೇರೆ ಕಸುಬಿನ ಮನೆಯಿಂದ ಬಂದವಳು, ಅವಳಿಗೆ ಕಟ್ಟೆಲ್ಲ ಒಂದೇ. ಸುಮ್ಮನಿದ್ದುಬಿಟ್ಟರೆ ಹೇಗೆ ಎಂದು ಎಡಚಿ ಯೋಚಿಸಿದಳು. ಅಜ್ಜಿಗಂತೂ ಕಾಣುವುದಿಲ್ಲ.

“ಹಿರಿಯರು ಪಾಸು ಮಾಡಬೇಕು,” ಎಂದು ಮೈಕಮ್ಮ ಪೊರಕೆಯನ್ನು ಹಿಡಿದುಕೊಂಡು ಅಜ್ಜಿಯ ಬಳಿಗೇ ಬಂದಳು. “ಅಜ್ಜಿ, ಹೇಗಿದೆ ಹೇಳಿ ನಿಮ್ಮ ಅಳಿಯನ ಕೆಲಸ?”

ಅಜ್ಜಿ ಪೊರಕೆಯನ್ನು ಮಡಿಲಿನಲ್ಲಿ ಇಟ್ಟುಕೊಂಡಳು. ಹೆಬ್ಬೆರಳಿನ ಉಗುರು ಮೊದಲ ಸುತ್ತಿನ ಗೆರೆ ಹಿಡಿದು ಇಳಿಯಿತು. ನಿಂತಿತು. ಮತ್ತೆ ಮೇಲಿಂದ ಶುರು ಮಾಡಿತು. ಅಷ್ಟು ಹೊತ್ತೂ ಅವಳ ಮುಖದ ಒಂದು ಸುಕ್ಕೂ ಅಲುಗಲಿಲ್ಲ. ಎಡಚಿ ತನ್ನ ಎಡಗೈಯನ್ನು ದುಪ್ಪಟ್ಟದೊಳಗೆ ಸೇರಿಸಿಕೊಂಡಳು.

“ಗಟ್ಟಿಯಾಗಿದೆ,” ಎಂದಳು ಅಜ್ಜಿ.

ಮೈಕಮ್ಮ ಅದನ್ನೇ ಹಾಲಿಗೆಲ್ಲ ಕೇಳುವಂತೆ ಹೇಳಿದಳು. ಮತ್ತೆ ಚಪ್ಪಾಳೆ.

ಸಂಜೆಯ ಹೊತ್ತಿಗೆ ಜನ ಕರಗಿದರು. ದೊಡ್ಡಮ್ಮ ಬಾಣಲೆ ಆರಲು ಬಿಟ್ಟು, ಉಳಿದ ಉಂಡೆಗಳನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟಳು.

“ಅಳಿಯಂದ್ರು ಮಿಂಚಿಬಿಟ್ರಲ್ಲ,” ಎಂದಳು. “ಇಷ್ಟು ದಿನ ಬೆರಳು ತೋರಿಸಿ ಚೆನ್ನಾಗಿ ಸೋಮಾರಿತನ ಹೊಡೆದ್ರಿ ಬಿಡಿ.”

ಮಾವ ನಕ್ಕ. ಆ ನಗು ತುಟಿಯಿಂದ ಮೇಲೆ ಹತ್ತಲಿಲ್ಲ. ದೊಡ್ಡಮ್ಮ ತನ್ನ ಟೇಬಲ್ಲಿಗೆ ಹೋದಳು.

“ಅಳಿಯಂದಿರೇ,” ಎಂದಳು ಅಜ್ಜಿ. ಆ ಪೊರಕೆ ಇನ್ನೂ ಅವಳ ಮಡಿಲಿನಲ್ಲೇ ಇತ್ತು.

“ಹೇಳಿ ಅತ್ತೆ.”

“ಯಾರು ಕಲಿಸಿದ್ದು ಇದನ್ನ?”

“ನಿಮ್ಮ ಮಗಳೇ ಅತ್ತೆ. ಮದುವೆ ದಿನ.”

“ಕೈ ಹಿಡಿದು ಕಲಿಸಿದ್ಲಾ?”

“ಹೂಂ. ಕೈ ಹಿಡಿದು.”

ಅಜ್ಜಿ ತಲೆಯಾಡಿಸಿದಳು. ನಾಲ್ಕು ಸುತ್ತನ್ನೂ ಇನ್ನೊಮ್ಮೆ ಸವರಿದಳು, ತೀರಿಹೋದವರ ಹಣೆ ಸವರುವ ಹಾಗೆ. ಆಮೇಲೆ ಮುಖ ಎತ್ತಿ, ಎಡಚಿ ಎಲ್ಲಿದ್ದಾಳೆಂದು ಹುಡುಕುವವಳಂತೆ ಅತ್ತ ಇತ್ತ ತಿರುಗಿದಳು. ಎಡಚಿ ಕೆಮ್ಮಲಿಲ್ಲ, ಅಲುಗಲಿಲ್ಲ. ಅತ್ತೆಯೂ ಎಡಗೈಯಲ್ಲಿ ಕಟ್ಟುತ್ತಿದ್ದಳು, ನೀನು ಮರೆತಿದ್ದೀಯ ಅಜ್ಜಿ ಎಂದು ಒಂದು ಮಾತು ಅಂದುಬಿಟ್ಟಿದ್ದರೆ ಎಂದು ಆಮೇಲೆ ಅವಳಿಗೆ ಅನ್ನಿಸಲಿತ್ತು.

“ಸೋಮವಾರ ನಂಗೆ ಮೈ ಸರಿ ಇರಲ್ಲ,” ಎಂದಳು ಅಜ್ಜಿ.

ಅಮ್ಮ ಪೊರಕೆಗಳನ್ನು ಚೀಲಕ್ಕೆ ತುಂಬುತ್ತಿದ್ದವಳು ನಿಂತಳು. “ಈಗ್ಲೇ ಹೇಗೆ ಗೊತ್ತು ಅತ್ತೆ? ಸೋಮವಾರ ಕಚೇರಿಗೆ…”

“ಗೊತ್ತು. ಮಂಗಳವಾರವೂ ಇರಲ್ಲ.”

ಅಮ್ಮ ಅಜ್ಜಿಯ ಮುಖ ನೋಡಿದಳು, ಮಡಿಲಿನ ಪೊರಕೆ ನೋಡಿದಳು, ಕೊನೆಗೆ ಎಡಚಿಯ ಕಡೆ ನೋಡಿದಳು. ಎಡಚಿಯ ಎಡಗೈ ಇನ್ನೂ ದುಪ್ಪಟ್ಟದೊಳಗೇ ಇತ್ತು. ಅಮ್ಮನ ಕೈಯಿಂದ ಚೀಲ ಮೆಲ್ಲಗೆ ನೆಲಕ್ಕೆ ಇಳಿಯಿತು. ಅವಳು ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ಕುಳಿತಳು.

ಮಾವ ಏನೂ ಕೇಳಲಿಲ್ಲ. ಯಾಕೆ ಎನ್ನಲಿಲ್ಲ, ಡಾಕ್ಟರ ಹತ್ತಿರ ಹೋಗೋಣವೇ ಎನ್ನಲಿಲ್ಲ. ಕೇಳಿದ್ದರೆ ನಿಜಕ್ಕೂ ಅಳಿಯನೇ ಇರಬಹುದು ಎಂಬ ಒಂದಿಷ್ಟು ಅನುಮಾನವಾದರೂ ಎಡಚಿಗೆ ಉಳಿಯುತ್ತಿತ್ತು. ಅವನು ನೆಲದ ಮೇಲೆ ಚೆಲ್ಲಿದ್ದ ಹುಲ್ಲಿನ ಚೂರುಗಳನ್ನು ಕೈಯಲ್ಲೇ ಬಳಿದು ಒಟ್ಟು ಮಾಡಿದ. ಬುಟ್ಟಿಗೆ ಹಾಕಿ ಬಂದ. ಟೇಬಲ್ಲಿನ ಮೇಲೆ ಹಾಸಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅಮ್ಮನ ಪಕ್ಕದಲ್ಲಿಟ್ಟ. ಅವಳಿಗೆ ತಾಗದ ಹಾಗೆ, ಒಂದು ಗೇಣು ದೂರದಲ್ಲಿ.

ಹಾಲಿನ ಆ ತುದಿಯಲ್ಲಿ ಮೈಕಮ್ಮ, ಈಗ ಮೈಕಿಲ್ಲದೆ, ಟೇಬಲ್ಲುಗಳನ್ನು ಗೋಡೆಗೆ ಸೇರಿಸಿ ಎಂದು ಎಲ್ಲರಿಗೂ ಕೂಗಿ ಹೇಳುತ್ತಿದ್ದಳು. ಮಾವ ಟೇಬಲ್ಲಿನ ಒಂದು ತುದಿಗೆ ಹೋಗಿ ಬಗ್ಗಿ ಹಿಡಿದ. ಬಲಗೈಯ ಐದು ಬೆರಳೂ ಅಂಚಿನ ಕೆಳಗೆ ಮಡಚಿದ್ದವು. ಭಾರದ ಟೇಬಲ್ಲು, ಒಬ್ಬರಿಂದ ಏಳುವುದಲ್ಲ.

“ಯಾರಾದ್ರೂ ಆ ಕಡೆ ಸ್ವಲ್ಪ ಹಿಡ್ಕೊಳ್ಳಿ,” ಎಂದ.

ಅಜ್ಜಿ ಅತ್ತ ಮುಖ ಮಾಡಿದ್ದಳು. ಅಮ್ಮ ನೆಲ ನೋಡುತ್ತಿದ್ದಳು. ಎಡಚಿಗೆ ಟೇಬಲ್ಲಿನ ಆ ತುದಿ ಎರಡೇ ಹೆಜ್ಜೆ. ಅವನು ಬಗ್ಗಿದವನು ಬಗ್ಗಿಯೇ ಇದ್ದ, ತಲೆ ಎತ್ತಲಿಲ್ಲ.

“ಆ ಕಡೆ ಸ್ವಲ್ಪ ಹಿಡ್ಕೊಳ್ಳಿ.”