ಡೆಲ್ಮರನ ಸೀಟು

ವರ್ಲೀನ್ ಪಿಕಪ್ಪಿನಲ್ಲಿ ಕೂತು ಸೀಟಿನ ಅಡಿಗೆ ಕೈ ಹಾಕಿ, ಹಿಡಿ ಎತ್ತಿ, ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಬೆಳಗಿನಿಂದ ಇದು ಮೂರನೇ ಸಲ. ಅವಳು ಗಿಡ್ಡ ಹೆಂಗಸು. ಸತ್ತ ಗಂಡ ಡೆಲ್ಮರ್ ಆರಡಿ ಮೀರಿದ ಆಳು. ಮನೆ ಬಿಡುವಾಗ ಎಲ್ಲ ಸರಿ ಮಾಡಿಕೊಂಡೇ ಹೊರಟಿದ್ದಳು. ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಸೀಟು ಮತ್ತೆ ಅವನ ಅಳತೆಗೆ ಹಿಂದೆ ಸರಿದಿತ್ತು. ಬೀಗದಕೈ ಅವಳ ಕೈಚೀಲದಲ್ಲೇ ಇತ್ತು.

"ಹಳೇ ಪಿಕಪ್ಪು. ಸೀಟಿನ ಹಲ್ಲು ಸವೆದಿರುತ್ತೆ ಬಿಡು," ಅಂದ ಹೋಯ್ಟ್. ಪೈನ್ ಹಾಲೋ ಪಿಕಪ್ಪು ಓಟದಲ್ಲಿ ಮೂವತ್ತು ವರ್ಷದಿಂದ ಬಾವುಟ ಬೀಸುವವನು, ಡೆಲ್ಮರನ ಜೀವದ ಗೆಳೆಯ. ಪಿಕಪ್ಪಿನ ತೊಟ್ಟಿಯಲ್ಲಿಟ್ಟ ಶವಪೆಟ್ಟಿಗೆಗೆ ಪಟ್ಟಿ ಬಿಗಿಯುತ್ತಿದ್ದ. "ಬೆನ್ನಿಗೆ ಈ ದಿಂಬು ಕೊಟ್ಕೊ."

"ಹಲ್ಲು ಸವೆದಿದ್ರೆ ಅತ್ಲಾಗೂ ಇತ್ಲಾಗೂ ಜಾರಬೇಕಲ್ಲ ಹೋಯ್ಟ್. ಇದು ಹಿಂದಕ್ಕೆ ಹೋಗಿ ಗಟ್ಟಿಯಾಗಿ ಕೂತಿರುತ್ತೆ."

ಹೋಯ್ಟ್ ಗಾಡಿಯ ಮುಂದಕ್ಕೆ ಬಂದು ಇಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟ. "ಇಂಜಿನ್ನು ಬಿಸಿ ಇದೆ ಕಣೆ. ನೀನು ಬಂದು ಎರಡು ಗಂಟೆ ಆಯ್ತಲ್ಲ?"

"ಆಯ್ತು," ಅಂದಳು ವರ್ಲೀನ್.

ಡೆಲ್ಮರನ ಅಕ್ಕ ಏಡಾ ಫೇ ಸಲಾಡಿನ ಪಾತ್ರೆ ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಪೆಟ್ಟಿಗೆಯನ್ನು ಒಮ್ಮೆ ಸವರಿದಳು.

"ಬದುಕಿರೋವರೆಗೂ ನನ್ನ ತಮ್ಮನ್ನ ಓಟದಲ್ಲಿ ಓಡಿಸೋಕೆ ಬಿಡಲಿಲ್ಲ ನೀನು. ಇವತ್ತು ಹೆಣಾನೂ ಓಟದ ಹಾದಿಯ ಆ ಗೇಟಿನ ಹತ್ರಾನೇ ಹೊರಗೆ ತಿರುಗಿಸ್ತೀಯಾ?"

"ಬಾಯಿ ಊಟಕ್ಕೆ ಉಳಿಸ್ಕೊ, ಏಡಾ ಫೇ," ಅಂದ ಹೋಯ್ಟ್. "ನೀನು ಮಾಡಿದ ಸಲಾಡನ್ನ ನೀನೇ ತಿಂದು ಮುಗಿಸ್ಬೇಕಲ್ಲ."

ಸುತ್ತ ನಿಂತವರು ಮೆಲ್ಲಗೆ ನಕ್ಕರು. ವರ್ಲೀನಳಿಗೆ ನಗು ಬರಲಿಲ್ಲ. ಅತ್ತಿಗೆಯ ನಾಲಿಗೆ ಕೆಟ್ಟದು, ಆದರೆ ಹೇಳಿದ್ದು ಸುಳ್ಳಲ್ಲ.

*

ತಂಬಾಕು ಮಾರಿ ಖಾಲಿಯಾದ ಪಿಕಪ್ಪುಗಳನ್ನು ಯಾರದು ಜೋರು ನೋಡೇಬಿಡೋಣ ಅಂತ ಊರಿನವರು ಓಡಿಸಿದ್ದರಲ್ಲ, ಪೈನ್ ಹಾಲೋ ಓಟ ಹುಟ್ಟಿದ್ದು ಹಾಗೆ. ಅರ್ಧ ಮೈಲಿಯ ಮೊಟ್ಟೆಯಾಕಾರದ ಹಾದಿ, ಮೊದಲು ಕೆಮ್ಮಣ್ಣು, ಆಮೇಲೆ ಡಾಂಬರು. ವರ್ಷಕ್ಕೊಂದು ಶನಿವಾರ, ನೂರು ಸುತ್ತು. ಗೆದ್ದವರ ಹೆಸರನ್ನು ಬಾವುಟ ಬೀಸುವ ಅಟ್ಟಣೆಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. ಒಂಬತ್ತನೇ ವರ್ಷದ ಹೆಸರು ರಾಯ್ಸ್, ವರ್ಲೀನಳ ತಮ್ಮ. ಹತ್ತನೇ ವರ್ಷ ಅವನು ಮೂರನೇ ತಿರುವಿನ ಗೋಡೆಗೆ ಹೊಡೆದು ಸತ್ತ.

ಅವನನ್ನು ಮಣ್ಣುಮಾಡಿ ಬಂದ ಸಂಜೆ ವರ್ಲೀನ್ ಡೆಲ್ಮರನ ಅಂಗಿ ಹಿಡಿದು ನಿಲ್ಲಿಸಿದಳು. ಮುಂದಿನ ಓಟಕ್ಕೆಂದು ಅವನು ಕಟ್ಟುತ್ತಿದ್ದ ಪಿಕಪ್ಪು ಹಿತ್ತಲ ಕೊಟ್ಟಿಗೆಯಲ್ಲಿ ಅರ್ಧಕ್ಕೆ ನಿಂತಿತ್ತು.

"ಓಟಕ್ಕೆ ಇಳಿಯಲ್ಲ ಅಂತ ಮಾತು ಕೊಡು."

"ಎಲ್ಲೀವರೆಗೆ?"

"ನಾನು ಸಾಕು ಅನ್ನೋವರೆಗೆ."

"ಸರಿ," ಅಂದ ಡೆಲ್ಮರ್.

ಮರುವರ್ಷದಿಂದ ಅವನಿಗೆ ಮುಂದಾಳು ಗಾಡಿಯ ಕೆಲಸ ಸಿಕ್ಕಿತು. ಓಟಗಾರರನ್ನೆಲ್ಲ ಸಾಲಾಗಿ ಹಿಂದಿಟ್ಟುಕೊಂಡು ಒಂದು ಸುತ್ತು ನಿಧಾನಕ್ಕೆ ಕರೆದೊಯ್ಯಬೇಕು. ನಾಲ್ಕನೇ ತಿರುವು ದಾಟಿದ ಕೂಡಲೇ ಎಡಗಡೆಯ ಗೇಟಿಗೆ ಸರಿದು ರೇಡಿಯೋದಲ್ಲಿ "ಹೊರಗೆ" ಅನ್ನಬೇಕು. ಆ ಮಾತು ಕೇಳಿದ ಮೇಲೇ ಹಸಿರು ಬಾವುಟ. ನೆಂಟರನ್ನೆಲ್ಲ ಮದುವೆಮನೆಗೆ ಕರೆದುತಂದು, ಎಲೆ ಹಾಕುವ ಹೊತ್ತಿಗೆ ತಾನು ಎದ್ದುಹೋದ ಹಾಗೆ. ಮೂವತ್ತೊಂಬತ್ತು ವರ್ಷ ಹಾಗೇ ಎದ್ದುಹೋದ. ಉಳಿದ ದಿನಗಳಲ್ಲಿ ಮರದ ಕಾರ್ಖಾನೆಯಲ್ಲಿ ಗರಗಸ ಸಾಣೆ ಹಿಡಿದ. ಹಲಗೆಯ ಮೇಲೆ ಅವನ ಹೆಸರು ಬರಲಿಲ್ಲ.

ಅವನು ಒಂದು ದಿನವೂ ಕೇಳಲಿಲ್ಲ, ಅವಳೂ ಸಾಕು ಅನ್ನಲಿಲ್ಲ. ಓಟದ ವಾರ ಬಂತೆಂದರೆ ಮಾತ್ರ ನಿದ್ದೆಯಲ್ಲಿ ಅವನ ಬಲಗಾಲು ಹಾಸಿಗೆಯನ್ನು ಒತ್ತುತ್ತಿತ್ತು. ವರ್ಲೀನ್ ಗೋಡೆ ಕಡೆ ಹೊರಳಿ, ಗೊತ್ತೇ ಇಲ್ಲದವಳಂತೆ ಮಲಗುತ್ತಿದ್ದಳು. ಪಾಪ ಅನ್ನಿಸುತ್ತಿತ್ತು. ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

*

ಐವತ್ತನೇ ಓಟ ಅದೇ ದಿನ ಸಂಜೆಗಿತ್ತು. ಇಪ್ಪತ್ತೆರಡು ಜನ ಓಟಗಾರರು ಟೋಪಿ ತೆಗೆದಿಟ್ಟು, ತಮ್ಮ ತಮ್ಮ ಪಿಕಪ್ಪುಗಳಲ್ಲಿ ಡೆಲ್ಮರನ ಹಿಂದೆ ಸಾಲುಗಟ್ಟಿದರು. ಓಟದ ಹಾದಿಯಲ್ಲಿ ಒಂದು ಸುತ್ತು, ಆಮೇಲೆ ಗೇಟಿನಾಚೆಯ ದಾರಿಯಲ್ಲಿ ಸ್ಮಶಾನಕ್ಕೆ. ಗುಂಡಿ ತೋಡಿ ಆಗಿತ್ತು. ಪಾದ್ರಿ ಗೇಟಿನ ಪಕ್ಕ ಪುಸ್ತಕ ಹಿಡಿದು ನಿಂತಿದ್ದರು.

ವರ್ಲೀನ್ ಮೂವತ್ತು ಮೈಲಿ ವೇಗದಲ್ಲಿ ಹೊರಟಳು. ಮೊದಲ ತಿರುವು, ಎರಡನೆಯದು. ಮೂರನೆಯದರಲ್ಲಿ ರಾಯ್ಸ್ ಹೊಡೆದ ಗೋಡೆ ಬಂತು. ಅಲ್ಲಿ ಸೀಟು ಟಕ್ ಅಂತು. ಒಂದು ಹಲ್ಲು ಹಿಂದಕ್ಕೆ.

ಅವಳು ಕಾಲು ಚಾಚಿದಳು. ಇನ್ನೊಮ್ಮೆ ಟಕ್. ಬೆನ್ನ ಹಿಂದಿನ ದಿಂಬು ಸಡಿಲವಾಗಿ ಕೆಳಗೆ ಜಾರಿತು. ಈಗ ತುದಿಬೆರಳಷ್ಟೇ ಪೆಡಲಿಗೆ ಮುಟ್ಟುತ್ತಿತ್ತು. ಗಾಡಿಯೊಳಗೆ ಗರಗಸದ ಎಣ್ಣೆಯ ವಾಸನೆ, ಅವನು ಕೆಲಸದಿಂದ ಬಂದಾಗಿನದು.

"ನಾಲ್ಕನೇ ತಿರುವು, ವರ್ಲೀನ್," ರೇಡಿಯೋದಲ್ಲಿ ಹೋಯ್ಟ್. "ಎಡಕ್ಕೆ ತಿರುಗಿ 'ಹೊರಗೆ' ಅಂದ್ಬಿಡು. ಹುಡುಗ್ರಿಗೆ ಬಾವುಟ ಬೀಸ್ತೀನಿ, ಅವನ ಹೆಸರಲ್ಲಿ ಒಂದು ಸುತ್ತು ಜೋರಾಗಿ ಹೋಗಲಿ."

ಗೇಟು ಕಾಣಿಸಿತು. ಅವಳ ಕೈ ತಾನಾಗಿ ಎಡಕ್ಕೆ ತಿರುಗಿಸಹೊರಟಿತು. ಕನ್ನಡಿಯಲ್ಲಿ ಪೆಟ್ಟಿಗೆ, ಅದರಾಚೆ ಇಪ್ಪತ್ತೆರಡು ಗಾಡಿ. ಇಷ್ಟು ವರ್ಷ ಅವನಿಗೆ ಕಂಡದ್ದು ಇದು, ಇಲ್ಲೇ ಬಿಟ್ಟುಕೊಟ್ಟದ್ದು ಇದನ್ನು. ಸಾಯಬಾರದು ಅಂತ ತಡೆದಿದ್ದಳು. ಸತ್ತಾಯಿತು. ಇನ್ನು ಯಾವುದಕ್ಕೆ ಹೆದರುವುದು?

ಅವಳು ಬಗ್ಗಿ ಸೀಟಿನ ಅಡಿಗೆ ಕೈ ಹಾಕಿ, ತಾನೇ ಹಿಡಿ ಎತ್ತಿದಳು.

"ಸಾಕು, ಡೆಲ್ಮರ್," ಅಂದಳು. "ಹೋಗು."

ಸೀಟು ಒಂದೇ ಸಲಕ್ಕೆ ಕೊನೆಯವರೆಗೂ ಸರಿದು ಗಟ್ಟಿಯಾಗಿ ಕೂತಿತು. ಗೇಟು ಹಿಂದೆ ಹೋಯಿತು. ಪಾದ್ರಿಯ ಪಕ್ಕ ನಿಂತಿದ್ದ ಏಡಾ ಫೇ ಬಾಯಿಗೆ ಕೈ ಅಡ್ಡ ಹಿಡಿದದ್ದು ಒಂದು ಕ್ಷಣ ಕಂಡಿತು. ಮುಳ್ಳು ಐವತ್ತು ದಾಟಿತು, ಎಪ್ಪತ್ತು ದಾಟಿತು.

"ವರ್ಲೀನ್," ರೇಡಿಯೋದಲ್ಲಿ ಹೋಯ್ಟ್ ಕೂಗಿದ. "ಕಾಲು ತೆಗಿ ಕಣೆ. ಪೆಡಲಿಂದ ಕಾಲು ತೆಗಿ."

ಅವಳು ಕೆಳಗೆ ನೋಡಿದಳು. ಅವಳ ಕಪ್ಪು ಶೂಗಳೆರಡೂ ಪೆಡಲುಗಳಿಂದ ಗೇಣುದ್ದ ಈಚೆಗೆ, ಮಕ್ಕಳ ಕಾಲಿನಂತೆ ತೂಗಾಡುತ್ತಿದ್ದವು. ಬಲಗಡೆಯ ಪೆಡಲು ತಳ ಮುಟ್ಟುವಂತೆ ಒತ್ತಿಕೊಂಡೇ ಇತ್ತು.